ಟ್ಯುನೀಷಿಯಾ ನೋಡಿ ಈಜಿಪ್ಟ್ ಎದ್ದಿತೇ? ಹೋರಾಟದ ಧೈರ್ಯ ಗಡಿ ದಾಟುತ್ತದಾ?

ಹೊನ್ನೆಮರ

2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಸಂಸತ್ ಭವನಕ್ಕೆ ಬೆಂಕಿ ಬಿದ್ದಾಗಿನಿಂದ ಎಲ್ಲ ಕಡೆ ಒಂದೇ ಮಾತು. 2022ರಲ್ಲಿ ಶ್ರೀಲಂಕಾ, 2024ರಲ್ಲಿ ಬಾಂಗ್ಲಾದೇಶ, ಆಮೇಲೆ ನೇಪಾಳ. ಒಬ್ಬರನ್ನು ನೋಡಿ ಇನ್ನೊಬ್ಬರು ಎದ್ದರು, ಮುಂದೆ ಯಾರ ಸರದಿ ಅಂತ. ಕೆಲವರಿಗೆ ಇದು ಭರವಸೆ, ಕೆಲವರಿಗೆ ಭಯ. ಆದರೆ ಒಂದು ದೇಶದ ದಂಗೆ ಇನ್ನೊಂದು ದೇಶದವರನ್ನು ನಿಜವಾಗಿಯೂ ಬೀದಿಗೆ ತರುತ್ತದಾ ಅಂತ ಯಾರೂ ಕೂತು ನೋಡಿದ ಹಾಗೆ ಕಾಣಲಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನೇಪಾಳದ್ದು ಇನ್ನೂ ಹಸಿ ಗಾಯ. ಅದಕ್ಕಿಂತ 2011ರ ಅರಬ್ ದೇಶಗಳನ್ನು ತೆಗೆದುಕೊಳ್ಳೋಣ. ಹತ್ತು ವರ್ಷದ ಮೇಲಾಗಿದೆ, ಯಾವುದು ಎಲ್ಲಿಗೆ ಮುಟ್ಟಿತು ಅಂತ ಈಗ ಕಾಣುತ್ತದೆ.

ಸಿದಿ ಬೂಝಿದ್ ಅನ್ನುವುದು ಟ್ಯುನೀಷಿಯಾದ ಒಳನಾಡಿನ ಊರು. ಮೊಹಮ್ಮದ್ ಬೂಅಝೀಝಿ ಅಲ್ಲಿ ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುತ್ತಿದ್ದ. ವಯಸ್ಸು 26. 2010ರ ಡಿಸೆಂಬರ್ 17ರಂದು ಪುರಸಭೆಯವರು ಬಂದು ಅವನ ಸರಕು, ತಕ್ಕಡಿ ಎತ್ತಿಕೊಂಡು ಹೋದರು. ದೂರು ಹೇಳಲು ಗವರ್ನರ್ ಕಚೇರಿಗೆ ಹೋದ. ಅವನ ಮಾತು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಕಚೇರಿಯ ಎದುರಿಗೇ ಮೈಗೆ ಬೆಂಕಿ ಹಚ್ಚಿಕೊಂಡ. ಡಿಸೆಂಬರ್ 28ರಂದು ಅಧ್ಯಕ್ಷ ಬೆನ್ ಅಲಿ ಅವನನ್ನು ನೋಡಲು ಆಸ್ಪತ್ರೆಗೆ ಬಂದ ಫೋಟೊ ಒಂದಿದೆ. ಮಂಚದ ಮೇಲೆ ತಲೆಯಿಂದ ಕಾಲಿನವರೆಗೆ ಬ್ಯಾಂಡೇಜ್ ಸುತ್ತಿದ ದೇಹ. ಮುಖ ಕಾಣುವುದಿಲ್ಲ. ಪಕ್ಕದಲ್ಲಿ ಸೂಟು ಹಾಕಿ ನಿಂತ ಅಧ್ಯಕ್ಷ, ಸುತ್ತ ಡಾಕ್ಟರುಗಳು. ಸರ್ಕಾರವೇ ಆ ಫೋಟೊ ಹಂಚಿತು. ಜನರ ಸಿಟ್ಟು ಆರಲಿಲ್ಲ. ಜನವರಿ 4ಕ್ಕೆ ಹುಡುಗ ತೀರಿಕೊಂಡ. ಜನವರಿ 14ಕ್ಕೆ, 23 ವರ್ಷ ಆಳಿದ್ದ ಬೆನ್ ಅಲಿ ಸೌದಿಗೆ ಓಡಿಹೋದ.

ಅದಾಗಿ ಹನ್ನೊಂದನೇ ದಿನ, ಜನವರಿ 25ರಂದು, ಈಜಿಪ್ಟಿನ ರಾಜಧಾನಿ ಕೈರೊ ಎದ್ದಿತು. ಫೆಬ್ರವರಿ 11ಕ್ಕೆ ಅಧ್ಯಕ್ಷ ಮುಬಾರಕ್ ಇಳಿದ. 1981ರಿಂದ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ.

ಈಜಿಪ್ಟಿನವರಿಗೆ ಸಿಟ್ಟು ಬರಲು ಟ್ಯುನೀಷಿಯಾ ಬೇಕಿರಲಿಲ್ಲ. 2010ರ ಜೂನ್‌ನಲ್ಲೇ ಅಲೆಕ್ಸಾಂಡ್ರಿಯಾದಲ್ಲಿ ಖಾಲಿದ್ ಸಯೀದ್ ಎಂಬ 28ರ ಯುವಕನನ್ನು ಪೊಲೀಸರು ಹೊಡೆದು ಕೊಂದಿದ್ದರು. 'ನಾವೆಲ್ಲ ಖಾಲಿದ್ ಸಯೀದ್' ಎಂಬ ಫೇಸ್‌ಬುಕ್ ಪುಟಕ್ಕೆ ಲಕ್ಷಾಂತರ ಜನ ಸೇರಿದ್ದರು. ಆದರೆ ಬೀದಿಗೆ ಕರೆದರೆ ಬರುತ್ತಿದ್ದವರು ನೂರೋ ಇನ್ನೂರೋ. ಅವರಿಗಿಂತ ಜಾಸ್ತಿ ಪೊಲೀಸರು ಸುತ್ತ ನಿಂತಿರುತ್ತಿದ್ದರು. ಜನವರಿ 25 ಅಲ್ಲಿ ಪೊಲೀಸ್ ದಿನ. ಅಂದು ಏನಾದರೂ ಮಾಡಬೇಕು ಅಂತ ಆ ಪುಟ ನಡೆಸುತ್ತಿದ್ದ ವಾಯಿಲ್ ಘೊನಿಮ್ ಮೊದಲೇ ಯೋಚಿಸಿದ್ದ. ಬೆನ್ ಅಲಿ ಓಡಿದ ಮೇಲೆ ಅದೇ ಕರೆಗೆ ಕ್ರಾಂತಿ ಅಂತ ಹೆಸರಿಟ್ಟ. ಊರು ಅದೇ, ಜನ ಅದೇ, ಪೊಲೀಸರೂ ಅದೇ. ನಡುವೆ ಬದಲಾಗಿದ್ದು ಒಂದು ಸುದ್ದಿ ಮಾತ್ರ.

ನನಗೆ ಅನ್ನಿಸುವುದು ಇಷ್ಟು. ಸಿಟ್ಟು ಗಡಿ ದಾಟುವುದಿಲ್ಲ, ಅದು ಆಯಾ ನೆಲದಲ್ಲೇ ಹುಟ್ಟಬೇಕು. 'ಇದು ಆಗುವ ಕೆಲಸ' ಅನ್ನುವ ನಂಬಿಕೆ ದಾಟುತ್ತದೆ. ನೀವೇನಂತೀರಿ?

ಬಯಲುಸೀಮೆ

ಹೊನ್ನೆಮರ ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ನಾನು ಒಪ್ಪುವುದಿಲ್ಲ. ಒಂದರ ಹಿಂದೆ ಒಂದು ಆಯಿತು ಅಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣ ಅನ್ನಲು ಆಗುವುದಿಲ್ಲ.

2010ರ ಆಗಸ್ಟ್‌ನಲ್ಲಿ ಬರ ಬಂದು, ಕಾಡು ಹೊತ್ತಿ ಉರಿದು, ರಷ್ಯಾ ಗೋಧಿ ರಫ್ತು ನಿಲ್ಲಿಸಿತು. ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ಕೊಳ್ಳುವ ದೇಶ ಈಜಿಪ್ಟ್. 2011ರ ಶುರುವಿನಲ್ಲಿ ಆಹಾರದ ಬೆಲೆ ಎಲ್ಲ ಕಡೆ ಗಗನಕ್ಕೇರಿತ್ತು. ಟ್ಯುನೀಷಿಯಾದಲ್ಲೂ ಓದಿದ ಹುಡುಗರಿಗೆ ಕೆಲಸ ಇಲ್ಲ, ಈಜಿಪ್ಟಿನಲ್ಲೂ ಇಲ್ಲ. ಎರಡೂ ಕಡೆ ಕುಟುಂಬದವರದೇ ದರ್ಬಾರು. ಕಾರಣ ಒಂದೇ ಇದ್ದಾಗ ಎರಡು ಊರಿನಲ್ಲಿ ಒಟ್ಟೊಟ್ಟಿಗೆ ಜನ ಎದ್ದರೆ ಅದರಲ್ಲಿ ಪ್ರೇರಣೆ ಎಲ್ಲಿಂದ ಬಂತು?

ಇನ್ನೊಂದು. ಈಜಿಪ್ಟಿನ ಮಹಲ್ಲಾ ಅಲ್ ಕುಬ್ರಾ ದೊಡ್ಡ ಬಟ್ಟೆ ಗಿರಣಿಗಳ ಊರು. 2006ರ ಡಿಸೆಂಬರ್‌ನಲ್ಲಿ ಅಲ್ಲಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿ ಗೆದ್ದರು. 2008ರ ಏಪ್ರಿಲ್ 6ರಂದು ಮತ್ತೆ ಎದ್ದಾಗ ಗುಂಡು ಹಾರಿತು. ಕೈರೊದ ಹುಡುಗರು ಕಟ್ಟಿದ 'ಏಪ್ರಿಲ್ 6' ಸಂಘಟನೆಗೆ ಹೆಸರು ಬಂದಿದ್ದೇ ಆ ದಿನದಿಂದ. ಟ್ಯುನೀಷಿಯಾದಲ್ಲೂ 2008ರಲ್ಲಿ ಗಫ್ಸಾದ ಫಾಸ್ಫೇಟ್ ಗಣಿ ಪ್ರದೇಶ ತಿಂಗಳುಗಟ್ಟಲೆ ಕುದಿಯಿತು. ಇವರೆಲ್ಲ ಯಾರನ್ನು ನೋಡಿ ಎದ್ದರು? ಹೊಟ್ಟೆ ನೋಡಿಕೊಂಡು ಎದ್ದರು. ಆ ವರ್ಷಗಳ ಕಷ್ಟವನ್ನೆಲ್ಲ ಮರೆತು ಟಿವಿಯಲ್ಲಿ ಕಂಡ ಹದಿನೆಂಟು ದಿನಕ್ಕೆ ಹೂವು ಏರಿಸುವುದು ಆ ಕಾರ್ಮಿಕರಿಗೆ ಮಾಡುವ ಅನ್ಯಾಯ.

ಅಲ್ಜೀರಿಯಾ ನೋಡಿ. ಟ್ಯುನೀಷಿಯಾಕ್ಕೆ ಅಂಟಿಕೊಂಡೇ ಇದೆ. 2011ರ ಜನವರಿಯಲ್ಲಿ ಸಕ್ಕರೆ, ಎಣ್ಣೆ ಬೆಲೆಗೆ ಅಲ್ಲೂ ಗಲಾಟೆ ಆಯಿತು. ಬೂಅಝೀಝಿ ಹಾಗೆ ಮೈಗೆ ಬೆಂಕಿ ಹಚ್ಚಿಕೊಂಡವರು ಒಬ್ಬರಲ್ಲ, ಹಲವರು. ಏನಾಯಿತು? ಅಧ್ಯಕ್ಷ ಬೂತೆಫ್ಲಿಕಾ 2019ರವರೆಗೂ ಅಲ್ಲಾಡಲಿಲ್ಲ. ನೋಡಿದರೆ ಸಾಕು ಅನ್ನುವುದಾದರೆ ಅತಿ ಹತ್ತಿರದಿಂದ ನೋಡಿದವರು ಅವರೇ ಅಲ್ವಾ?

ಸಂಪಿಗೆ

ಇಬ್ಬರ ಮಾತೂ ಸೇರಿಸಿದರೆ ಸರಿ ಆಗುತ್ತದೆ ಅನ್ನಿಸುತ್ತದೆ. ಹೆಪ್ಪನ್ನು ಪಕ್ಕದ ಮನೆಯಿಂದ ಕೇಳಿ ತರಬಹುದು, ಹಾಲು ನಮ್ಮ ಮನೆಯಲ್ಲೇ ಕಾದಿರಬೇಕು. ಮಹಲ್ಲಾದಲ್ಲಿ ಹಾಲು ಕಾಯುತ್ತಾ ಇತ್ತು, ಬಯಲುಸೀಮೆ ಅವರು ಹೇಳಿದ ಹಾಗೆ. ಅಲ್ಜೀರಿಯಾದ್ದು ಬೇರೆ ಕಥೆ. 1990ರ ದಶಕದ ಅಂತರ್ಯುದ್ಧದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತ ದೇಶ ಅದು. ತಾಯಂದಿರು ಮಕ್ಕಳನ್ನು ಬಾಗಿಲು ದಾಟಲು ಬಿಡದೇ ಇದ್ದಿದ್ದಕ್ಕೆ ಅದು ಸಾಕು. ಜೊತೆಗೆ ಸರ್ಕಾರದ ಕೈಯಲ್ಲಿ ತೈಲದ ಹಣ ಬೇರೆ.

ಆದರೆ ನೀವಿಬ್ಬರೂ ಒಂದು ವಿಷಯ ಬಿಟ್ಟಿರಿ. ನಂಬಿಕೆಯ ಜೊತೆ ಕೆಲಸದ ಕ್ರಮವೂ ದಾಟಿತು. ಟ್ಯುನೀಷಿಯಾದ ಹುಡುಗರು ಫೇಸ್‌ಬುಕ್‌ನಲ್ಲಿ ಈಜಿಪ್ಟಿನವರಿಗೆ ಹೇಳಿಕೊಟ್ಟರು. ಅಶ್ರುವಾಯು ಹೊಡೆದರೆ ಮುಖಕ್ಕೆ ಕಟ್ಟಿದ ಬಟ್ಟೆಯೊಳಗೆ ಈರುಳ್ಳಿ ಇಲ್ಲವೇ ವಿನೆಗರ್ ಇಟ್ಟುಕೊಳ್ಳಿ, ಕಣ್ಣು ಉರಿದರೆ ಕೋಲಾದಲ್ಲಿ ತೊಳೆದುಕೊಳ್ಳಿ ಅಂತ. ಡಾಕ್ಟರುಗಳು ಇದನ್ನು ಒಪ್ಪದೇ ಇರಬಹುದು. ಆದರೆ ಯೋಚಿಸಿ. ನಿನ್ನೆ ತಾನೇ ಆ ಹೊಗೆಯಲ್ಲಿ ನಿಂತಿದ್ದವನು ಇವತ್ತು ಇನ್ನೊಂದು ದೇಶದಲ್ಲಿ ನಿಲ್ಲುವವನಿಗೆ ಈರುಳ್ಳಿ ಜೇಬಲ್ಲಿಟ್ಟುಕೊ ಅನ್ನುತ್ತಿದ್ದಾನೆ. ಅದನ್ನು ಓದಿದವನಿಗೆ ತಾನು ಒಬ್ಬನೇ ಅಲ್ಲ ಅನ್ನಿಸಿರುತ್ತದೆ.

ಅದಕ್ಕೂ ಹಿಂದೆ ಇನ್ನೊಂದು ದೇಶ ಇದೆ. ಸರ್ಬಿಯಾದಲ್ಲಿ ಮಿಲೊಸೆವಿಚ್‌ನನ್ನು 2000ರಲ್ಲಿ ಇಳಿಸಿದ ಚಳವಳಿಯಲ್ಲಿ 'ಒಟ್‌ಪೊರ್' ಎಂಬ ವಿದ್ಯಾರ್ಥಿ ಸಂಘಟನೆ ಮುಂದಿತ್ತು. ಬಿಗಿದ ಮುಷ್ಟಿ ಅವರ ಚಿಹ್ನೆ. 2009ರಲ್ಲಿ ಏಪ್ರಿಲ್ 6ರ ಮೊಹಮ್ಮದ್ ಆದಿಲ್ ಬೆಲ್‌ಗ್ರೇಡ್‌ಗೆ ಹೋಗಿ ಆ ಹಳೆಯ ಹುಡುಗರ ಹತ್ತಿರ ತರಬೇತಿ ಪಡೆದ. ಏಪ್ರಿಲ್ 6ರ ಬಾವುಟದಲ್ಲೂ ಅದೇ ಮುಷ್ಟಿ ಇದೆ.

ನೋಡಿ ಕಲಿಯುವುದು ದೇಶದ ಒಳಗೂ ಅಷ್ಟು ಸುಲಭ ಅಲ್ಲ. 2010ರ ಮಾರ್ಚ್‌ನಲ್ಲಿ, ಬೂಅಝೀಝಿಗಿಂತ ಮೊದಲೇ, ಮೊನಸ್ತೀರ್ ಎಂಬ ಊರಿನಲ್ಲಿ ಇನ್ನೊಬ್ಬ ಬೀದಿ ವ್ಯಾಪಾರಿ ಇದೇ ರೀತಿ ಬೆಂಕಿ ಹಚ್ಚಿಕೊಂಡು ಸತ್ತಿದ್ದ. ದೇಶ ಏಳಲಿಲ್ಲ. ಸಿದಿ ಬೂಝಿದ್‌ನಲ್ಲಿ ಮಾತ್ರ ನೆಂಟನೊಬ್ಬ ಆವತ್ತಿನ ಪ್ರತಿಭಟನೆಯನ್ನು ಮೊಬೈಲ್‌ನಲ್ಲಿ ಹಿಡಿದ, ಅಲ್ ಜಝೀರಾ ಅದನ್ನು ತೋರಿಸಿತು. ಮೊರೊಕ್ಕೊದಿಂದ ಯೆಮೆನ್‌ವರೆಗೆ ಒಂದೇ ಚಾನೆಲ್, ಒಂದೇ ಬರೆಯುವ ಭಾಷೆ. 'ಜನ ಬಯಸುತ್ತಿದ್ದಾರೆ, ಈ ಆಡಳಿತ ಬೀಳಲಿ' ಎಂಬ ಘೋಷಣೆ ಒಂದಕ್ಷರ ಬದಲಾಗದೆ ಟ್ಯುನಿಸ್‌ನಿಂದ ಕೈರೊಗೆ, ಅಲ್ಲಿಂದ ಯೆಮೆನ್ನಿನ ಸನಾಗೆ, ಸಿರಿಯಾದ ದರಾಗೆ ಹೋಯಿತು.

ಮೇಷ್ಟ್ರು

ಇಂಟರ್ನೆಟ್ ಬಂದ ಮೇಲೆ ಶುರುವಾದ ವಿಷಯ ಅಂತ ಯಾರೂ ಅಂದುಕೊಳ್ಳಬೇಡಿ. 1848ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ರಾಜ ಓಡಿಹೋದ ಸುದ್ದಿ ರೈಲಿನಲ್ಲಿ, ತಂತಿಯಲ್ಲಿ ಹೋಗಿ ಮಾರ್ಚ್ 13ಕ್ಕೆ ವಿಯೆನ್ನಾ ಎದ್ದಿತು, 18ಕ್ಕೆ ಬರ್ಲಿನ್ ಎದ್ದಿತು.

ನಮ್ಮದೇ ನೆಲದ ಉದಾಹರಣೆ ಕೊಡುತ್ತೇನೆ. ತಿಲಕರು ಹೋಂ ರೂಲ್ ಲೀಗ್ ಶುರು ಮಾಡಿದ್ದು 1916ರ ಏಪ್ರಿಲ್‌ನಲ್ಲಿ, ನಮ್ಮ ಬೆಳಗಾವಿಯಲ್ಲಿ. ಹೋಂ ರೂಲ್ ಅನ್ನುವ ಹೆಸರು, ಬೇಡಿಕೆ ಎರಡೂ ಐರ್ಲೆಂಡಿನವರದು. ಅದೇ ಏಪ್ರಿಲ್ 24ರಂದು ಅಲ್ಲಿನ ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ಈಸ್ಟರ್ ದಂಗೆ ಆಯಿತು. ಇವೆರಡಕ್ಕೂ ನೇರ ನಂಟಿಲ್ಲ, ತಿಂಗಳು ಒಂದೇ ಅಷ್ಟೇ. ನಂಟು ಸಿಗುವುದು ಹದಿನಾಲ್ಕು ವರ್ಷದ ನಂತರ ಚಿತ್ತಗಾಂಗ್‌ನಲ್ಲಿ.

ಸೂರ್ಯ ಸೇನ್ ಅಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಹುಡುಗರು ಅವರನ್ನು ಮಾಸ್ಟರ್‌ದಾ ಅಂತಲೇ ಕರೆಯುತ್ತಿದ್ದರು. ಡಬ್ಲಿನ್‌ನ ಕಥೆ ಆ ಗುಂಪಿನ ಮೇಲೆ ಎಷ್ಟು ಪ್ರಭಾವ ಬೀರಿತ್ತು ಅಂದರೆ, ಅವರು ತಮ್ಮ ದಳಕ್ಕೆ ಐರಿಷ್ ಮಾದರಿಯಲ್ಲೇ 'ಇಂಡಿಯನ್ ರಿಪಬ್ಲಿಕನ್ ಆರ್ಮಿ, ಚಿತ್ತಗಾಂಗ್ ಶಾಖೆ' ಅಂತ ಹೆಸರಿಟ್ಟರು. ದಾಳಿಗೆ ಇಟ್ಟುಕೊಂಡ ದಿನ 1930ರ ಏಪ್ರಿಲ್ 18. ಈಸ್ಟರ್ ವಾರದ ಗುಡ್ ಫ್ರೈಡೆ. ಶಸ್ತ್ರಾಗಾರ ಹಿಡಿದರು, ಟೆಲಿಫೋನ್, ಟೆಲಿಗ್ರಾಫ್ ಕಚೇರಿಯನ್ನು ಹಾಳುಗೆಡವಿದರು. ಆದರೆ ಯುರೋಪಿಯನ್ ಕ್ಲಬ್‌ಗೆ ಹೋದ ತಂಡಕ್ಕೆ ಅಲ್ಲಿ ಯಾರೂ ಸಿಗಲಿಲ್ಲ. ಗುಡ್ ಫ್ರೈಡೆ ಆದ್ದರಿಂದ ಇಂಗ್ಲಿಷರೆಲ್ಲ ಮನೆಯಲ್ಲಿದ್ದರು. ಶಸ್ತ್ರಾಗಾರದಲ್ಲಿ ಬಂದೂಕು ಸಿಕ್ಕವು, ಮದ್ದುಗುಂಡು ಸಿಗಲಿಲ್ಲ. ನಾಲ್ಕು ದಿನಕ್ಕೆ ಜಲಾಲಾಬಾದ್ ಗುಡ್ಡದಲ್ಲಿ ಸೇನೆ ಅವರನ್ನು ಸುತ್ತಿಕೊಂಡಿತು. ಮಾಸ್ಟರ್‌ದಾರನ್ನು 1934ರ ಜನವರಿಯಲ್ಲಿ ಗಲ್ಲಿಗೆ ಹಾಕಿದರು.

ಪ್ರೇರಣೆ ಇತ್ತಾ? ಧಾರಾಳವಾಗಿ ಇತ್ತು. ಅದೇ ತಿಂಗಳು ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ್ದರು. ಅಂಕೋಲೆಯ ಕಡಲದಡದಲ್ಲಿ ನಮ್ಮವರೂ ಎತ್ತಿದರು. ಒಂದೇ ದೇಶ, ಒಂದೇ ತಿಂಗಳು, ಎರಡು ದಾರಿ. ಒಂದಕ್ಕೆ ಮಾದರಿ ಹೊರಗಿನಿಂದ ಬಂತು, ಇನ್ನೊಂದು ಇಲ್ಲೇ ಹುಟ್ಟಿ ಆಮೇಲೆ ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್‌ವರೆಗೂ ಹೋಯಿತು. ಹಾಗಾಗಿ ಪ್ರೇರಣೆ ಬಂತೋ ಇಲ್ಲವೋ ಅನ್ನುವುದಕ್ಕಿಂತ, ಬಂದಿದ್ದು ನಮ್ಮ ನೆಲಕ್ಕೆ ಒಗ್ಗಿತೋ ಇಲ್ಲವೋ ಅಂತ ಕೇಳಬೇಕು.

ಕಾಳಿನದಿ

ಸಂಪಿಗೆ ಮೇಡಂ, ಆ ಬೆಲ್‌ಗ್ರೇಡ್ ತರಬೇತಿ ಅಂದಿರಲ್ಲ, ಅದೇ ನನ್ನ ಅನುಮಾನ. ಒಟ್‌ಪೊರ್‌ಗೆ ಅಮೆರಿಕದ ದುಡ್ಡು ಹೋಗಿದ್ದು ಗುಟ್ಟೇನಲ್ಲ, ಅವರೇ ಒಪ್ಪಿಕೊಂಡಿದ್ದಾರೆ. ಪ್ರೇರಣೆ, ಧೈರ್ಯ ಅಂತ ನಾವು ಹಾಡಿ ಹೊಗಳುತ್ತೇವೆ, ಹಿಂದೆ ಇನ್ಯಾರೋ ಲೆಕ್ಕ ಹಾಕುತ್ತಿರುತ್ತಾರೆ. ಇದನ್ನು ಕೇಳಬಾರದಾ?

ಹೊನ್ನೆಮರ

ಕೇಳಲೇಬೇಕು, ಕಾಳಿನದಿ ಅವರೇ. ಸರ್ಬಿಯಾದ ವಿಷಯದಲ್ಲಿ ನೀವು ಹೇಳಿದ್ದು ನಿಜ. ಆದರೆ ಇನ್ನೊಂದು ಬದಿಯ ಲೆಕ್ಕವನ್ನೂ ನೋಡಿ. ಮುಬಾರಕ್‌ನ ಸೇನೆಗೆ ಅಮೆರಿಕ ಪ್ರತಿ ವರ್ಷ 130 ಕೋಟಿ ಡಾಲರ್ ಕೊಡುತ್ತಿತ್ತು. 2011ರ ಜನವರಿ 11ರಂದು, ಟ್ಯುನೀಷಿಯಾದಲ್ಲಿ ಹೆಣ ಬೀಳುತ್ತಿದ್ದಾಗ, ಫ್ರಾನ್ಸಿನ ವಿದೇಶಾಂಗ ಸಚಿವೆ ಮಿಶೆಲ್ ಅಲಿಯೊ ಮರಿ ತಮ್ಮ ಪೊಲೀಸರ ಅನುಭವವನ್ನು ಆ ಸರ್ಕಾರಕ್ಕೆ ಕೊಡಬಹುದು ಅಂತ ಸಂಸತ್ತಿನಲ್ಲೇ ಹೇಳಿದರು. ಮುಂದಿನ ತಿಂಗಳು ಕುರ್ಚಿ ಬಿಡಬೇಕಾಯಿತು. ಹೊರಗಿನ ಕೈ ಅನ್ನುವುದಾದರೆ ಆಳುವವರ ಬೆನ್ನ ಹಿಂದೆಯೇ ಅದು ಜಾಸ್ತಿ ಇತ್ತು. ತರಬೇತಿ ಪಡೆದವರು ನಾಲ್ಕಾರು ಜನ. ಕೈರೊದ ತಹರೀರ್ ಚೌಕಕ್ಕೆ ಬಂದವರು ಲಕ್ಷಗಟ್ಟಲೆ. ಅಷ್ಟು ಜನರನ್ನು ದುಡ್ಡು ಕೊಟ್ಟು ಗುಂಡಿಗೆ ಎದೆ ಕೊಡಿ ಅನ್ನಲು ಯಾರಿಂದಲೂ ಆಗುವುದಿಲ್ಲ.

ಕಡಲತೀರ

ನಾನು ಉಡುಪಿ ಕಡೆಯವನು. 2011ರಲ್ಲಿ ನಮ್ಮ ಮಾವ ಬಹರೈನ್‌ನ ಮನಾಮಾದಲ್ಲಿ ಕೆಲಸದಲ್ಲಿದ್ದರು. ನಮ್ಮ ಕರಾವಳಿಯವರು ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತೇ ಇದೆ. ಅದಕ್ಕೇ ಆ ದಿನಗಳ ಸುದ್ದಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತು ನೋಡುತ್ತಿದ್ದೆವು.

ಮನಾಮಾದಲ್ಲಿ ಪರ್ಲ್ ಸರ್ಕಲ್ ಅಂತ ಇತ್ತು. ಅಲ್ಲಿನವರ ಬಾಯಲ್ಲಿ ಲುಲು ರೌಂಡ್‌ಅಬೌಟ್. ಮಧ್ಯದಲ್ಲಿ ಎತ್ತರದ ಸ್ಮಾರಕ. ಆರು ಹಾಯಿಗಳು ಮೇಲಕ್ಕೆ ಬಾಗಿ ಒಂದು ದೊಡ್ಡ ಮುತ್ತನ್ನು ಹಿಡಿದ ಹಾಗೆ. ಕೊಲ್ಲಿಯ ಆರು ದೇಶಗಳ ಗುರುತು. ಮುಬಾರಕ್ ಇಳಿದು ಮೂರು ದಿನಕ್ಕೆ, ಫೆಬ್ರವರಿ 14ರಂದು, ಜನ ಬೀದಿಗೆ ಬಂದರು. ಮಾರನೇ ದಿನ ಆ ಸರ್ಕಲ್‌ನಲ್ಲಿ ಡೇರೆ ಹಾಕಿದರು. ತಹರೀರ್‌ನಲ್ಲಿ ಹೇಗೆ ಮಾಡಿದ್ದರೋ ಹಾಗೇ. ಆಸ್ಪತ್ರೆ ಡೇರೆ, ಊಟದ ಡೇರೆ, ಭಾಷಣದ ವೇದಿಕೆ. ಬಯಲುಸೀಮೆ ಅವರು ಪ್ರೇರಣೆ ಎಲ್ಲಿ ಅಂದರಲ್ಲ, ಇಲ್ಲಿದೆ. ಒಂದು ವೃತ್ತ ಹುಡುಕಿ, ಅಲ್ಲೇ ಕೂತು, ಅಲ್ಲಾಡದೆ ಇರುವುದು. ಅದು ಕೈರೊದಿಂದಲೇ ಬಂದಿದ್ದು.

ಮಾರ್ಚ್ 14ಕ್ಕೆ ಸೌದಿಯ ಸೈನ್ಯ ಸೇತುವೆ ದಾಟಿ ಬಂತು. ಎರಡು ದಿನಕ್ಕೆ ಸರ್ಕಲ್ ಖಾಲಿ. ಮಾರ್ಚ್ 18ಕ್ಕೆ ಆ ಸ್ಮಾರಕವನ್ನೇ ಕೆಡವಿದರು. ಆ ಸ್ಮಾರಕದ ಚಿತ್ರ ಇದ್ದ ಅರ್ಧ ದಿನಾರ್ ನಾಣ್ಯವನ್ನೂ ಚಲಾವಣೆಯಿಂದ ತೆಗೆದರು. ಜನ ಒಂದು ಜಾಗವನ್ನು ಮಾದರಿ ಮಾಡಿಕೊಂಡರೆ ಸರ್ಕಾರ ಆ ಜಾಗವನ್ನೇ ಇಲ್ಲದಂತೆ ಮಾಡಬಲ್ಲದು. ಇದನ್ನು ನೋಡಿದ ಮೇಲೆ 'ಧೈರ್ಯ ದಾಟುತ್ತದೆ' ಅಂತ ಸುಮ್ನೆ ಖುಷಿಪಡಲು ನನಗೆ ಆಗುವುದಿಲ್ಲ.

ಗುಬ್ಬಿಗೂಡು

ಕಡಲತೀರ ಅವರ ಮಾತಿಗೆ ಸೇರಿಸುತ್ತೇನೆ. ನನ್ನನ್ನು ಕಾಡುವುದು ದರಾ.

ಸಿರಿಯಾದ ದಕ್ಷಿಣದ ಊರು ಅದು. 2011ರಲ್ಲಿ ಶಾಲೆಯ ಹುಡುಗರು ಗೋಡೆಯ ಮೇಲೆ ಬರೆದರು, 'ಡಾಕ್ಟರೇ, ಈಗ ನಿಮ್ಮ ಸರದಿ'. ಅಲ್ಲಿನ ಅಧ್ಯಕ್ಷನಾಗಿದ್ದ ಬಶರ್ ಅಲ್ ಅಸ್ಸಾದ್ ಕಣ್ಣಿನ ಡಾಕ್ಟರು, ಅದಕ್ಕೆ ಹಾಗೆ. ಬೆನ್ ಅಲಿ ಹೋದ, ಮುಬಾರಕ್ ಹೋದ, ಟಿವಿ ನೋಡಿದ ಮಕ್ಕಳಿಗೆ ಮುಂದಿನ ಹೆಸರು ತಾನಾಗಿ ಹೊಳೆದಿದೆ. ಪೊಲೀಸರು ಆ ಮಕ್ಕಳನ್ನು ಹಿಡಿದುಕೊಂಡು ಹೋಗಿ ಹಿಂಸೆ ಕೊಟ್ಟರು. ಮಕ್ಕಳನ್ನು ಬಿಡಿ ಅಂತ ಮಾರ್ಚ್ 18ರಂದು ಊರವರು ಬೀದಿಗೆ ಬಂದರು. ಗುಂಡು ಹಾರಿತು. ಅಲ್ಲಿಂದ ಶುರುವಾದದ್ದು ಐದು ಲಕ್ಷಕ್ಕೂ ಹೆಚ್ಚು ಜನರನ್ನು ತಿಂದುಹಾಕಿತು. ದೇಶದ ಅರ್ಧಕ್ಕಿಂತ ಹೆಚ್ಚು ಜನ ಮನೆ ಬಿಟ್ಟರು. ಡಾಕ್ಟರ ಸರದಿ ಬಂದಿದ್ದು 2024ರ ಡಿಸೆಂಬರ್ 8ಕ್ಕೆ. ಗೋಡೆ ಮೇಲೆ ಬರೆದ ಹುಡುಗರು ಅಷ್ಟೊತ್ತಿಗೆ ಮೂವತ್ತರ ಹತ್ತಿರದವರು. ಬದುಕಿದ್ದವರು.

ಅದೇ 2011ರ ಜನವರಿ ಕೊನೆಯಲ್ಲಿ ಅಸ್ಸಾದ್ ಒಂದು ಅಮೆರಿಕನ್ ಪತ್ರಿಕೆಗೆ ಸಂದರ್ಶನ ಕೊಟ್ಟು, ಸಿರಿಯಾ ಸ್ಥಿರವಾಗಿದೆ ಅಂತ ಹೇಳಿದ್ದ. ತನ್ನ ದೇಶ ಬೇರೆ ಅಂತ ಅವನೂ ನಂಬಿದ್ದ. ನಮ್ಮ ದೇಶವೂ ಅವರದರ ಹಾಗೇ ಅಂತ ಮಕ್ಕಳು ನಂಬಿದ್ದರು. ಆ ಮಕ್ಕಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಆದರೆ ದೂರದಲ್ಲಿ ಕೂತು 'ಮುಂದೆ ಯಾರ ಸರದಿ' ಅಂತ ಉತ್ಸಾಹದಲ್ಲಿ ಬರೆಯುವವರು ಒಮ್ಮೆ ದರಾದ ಆ ಗೋಡೆಯನ್ನು ನೆನೆಸಿಕೊಳ್ಳಲಿ.

ಬಯಲುಸೀಮೆ

ಗುಬ್ಬಿಗೂಡು, ಇದು ನೋವಿನ ಮಾತು, ಆದರೆ ಚರ್ಚೆಯನ್ನು ಸರಿಯಾದ ಜಾಗಕ್ಕೆ ತಂದಿರಿ. ಕೊನೆಗೆ ಏನಾಯಿತು ಅನ್ನುವುದನ್ನು ಎಲ್ಲ ಕಡೆ ತೀರ್ಮಾನ ಮಾಡಿದ್ದು ಬಂದೂಕು ಹಿಡಿದವರು. ಟ್ಯುನೀಷಿಯಾದ ಸೇನೆ ಚಿಕ್ಕದು, ರಾಜಕೀಯದಿಂದ ದೂರ ಇತ್ತು. ಬೆನ್ ಅಲಿ ಬಿದ್ದರೆ ಅದಕ್ಕೇನೂ ನಷ್ಟ ಇರಲಿಲ್ಲ. ಈಜಿಪ್ಟಿನ ಸೇನೆಗೆ ಕಾರ್ಖಾನೆ, ಜಮೀನು, ವ್ಯಾಪಾರ ಎಲ್ಲ ಇತ್ತು. ಮುಬಾರಕ್ ತನ್ನ ಮಗನಿಗೆ ಪಟ್ಟ ಕಟ್ಟುವುದು ಅವರಿಗೂ ಬೇಡವಾಗಿತ್ತು. ಅವನನ್ನು ಬಿಟ್ಟುಕೊಟ್ಟು ತಾವು ಉಳಿದರು. ಬಹರೈನ್‌ನಲ್ಲಿ ಬೀದಿಯಲ್ಲಿದ್ದವರು ಬಹುಪಾಲು ಶಿಯಾಗಳು, ಪಡೆಗಳಲ್ಲಿದ್ದವರು ಸುನ್ನಿಗಳು, ಅವರಲ್ಲೂ ಎಷ್ಟೋ ಜನ ಹೊರದೇಶದಿಂದ ಬಂದವರು. ಸಿರಿಯಾದಲ್ಲಿ ಆಯಕಟ್ಟಿನ ಹುದ್ದೆಗಳೆಲ್ಲ ಅಸ್ಸಾದ್‌ನ ಕುಟುಂಬ, ಅವನ ಅಲವಿ ಪಂಗಡದವರ ಕೈಯಲ್ಲಿ. ಅವನು ಬಿದ್ದರೆ ತಾವೂ ಸತ್ತಂತೆ ಅಂತ ಅವರು ತಿಳಿದಿದ್ದರು.

ಟಿವಿಯಲ್ಲಿ ತಹರೀರ್ ಚೌಕ ಕಾಣುತ್ತದೆ. ಸೇನಾ ಕ್ಯಾಂಪಿನ ಒಳಗಿನ ಮಾತುಕತೆ ಕಾಣುವುದಿಲ್ಲ. ಹಾಗಾಗಿ ದಾಟುವುದು ಕಥೆಯ ಅರ್ಧ ಮಾತ್ರ. ನನ್ನ ತಕರಾರು ಇರುವುದು ಇಲ್ಲೇ.

ಸಂಪಿಗೆ

ಇದನ್ನು ಒಪ್ಪುತ್ತೇನೆ. ಜೊತೆಗೆ ಇನ್ನೊಂದು. ಆಳುವವರೂ ಪಕ್ಕದ ದೇಶ ನೋಡಿ ಕಲಿಯುತ್ತಾರೆ, ಅದೂ ಬೇಗ ಕಲಿಯುತ್ತಾರೆ.

ಸೌದಿ ದೊರೆ 2011ರ ಫೆಬ್ರವರಿ, ಮಾರ್ಚ್‌ನಲ್ಲಿ ಜನರಿಗೆ ಮನೆ, ಸಂಬಳ, ಭತ್ಯೆ ಅಂತ 13 ಸಾವಿರ ಕೋಟಿ ಡಾಲರ್‌ಗಳಷ್ಟು ಘೋಷಿಸಿದ. ಮೊರೊಕ್ಕೊದ ದೊರೆ ಜನ ಬೀದಿಗೆ ಬಂದ ಮೂರೇ ವಾರಕ್ಕೆ ಹೊಸ ಸಂವಿಧಾನದ ಮಾತಾಡಿ, ಜುಲೈಗೆ ಜನಮತ ತೆಗೆದುಕೊಂಡು ಮುಗಿಸಿದ. ಚೀನಾದಲ್ಲಿ ಯಾರೋ ಆನ್‌ಲೈನ್‌ನಲ್ಲಿ ಮಲ್ಲಿಗೆ ಕ್ರಾಂತಿಗೆ ಕರೆ ಕೊಟ್ಟರು. ಟ್ಯುನೀಷಿಯಾದ ದಂಗೆಗೆ ಬಿದ್ದಿದ್ದ ಹೆಸರು ಅದು. ಬೀದಿಗೆ ಬಂದವರು ತೀರಾ ಕಡಿಮೆ, ಆದರೂ ಮಲ್ಲಿಗೆ ಅನ್ನುವ ಪದವನ್ನೇ ಇಂಟರ್ನೆಟ್‌ನಲ್ಲಿ ತಡೆದರು. ಜಿಂಬಾಬ್ವೆಯ ಹರಾರೆಯಲ್ಲಿ 2011ರ ಫೆಬ್ರವರಿಯಲ್ಲಿ ಒಂದು ಸಭೆಯಲ್ಲಿ ಈಜಿಪ್ಟ್, ಟ್ಯುನೀಷಿಯಾದ ವಿಡಿಯೊ ನೋಡುತ್ತಿದ್ದ ನಲವತ್ತಕ್ಕೂ ಹೆಚ್ಚು ಜನರನ್ನು ಹಿಡಿದರು. ಮೊದಲು ದೇಶದ್ರೋಹದ ಕೇಸು ಹಾಕಿದರು. ಕೊನೆಗೆ ಆರು ಜನರಿಗೆ ಶಿಕ್ಷೆಯೂ ಆಯಿತು. ವಿಡಿಯೊ ನೋಡಿದ್ದಕ್ಕೆ! ಪ್ರೇರಣೆ ಅನ್ನುವುದು ಕೆಲಸಕ್ಕೆ ಬಾರದ ವಿಷಯ ಆಗಿದ್ದರೆ ಅಲ್ಲಿನ ಅಧ್ಯಕ್ಷ ಮುಗಾಬೆಯ ಪೊಲೀಸರು ಇಷ್ಟು ಕಷ್ಟಪಡುತ್ತಿರಲಿಲ್ಲ.

ತುಂತುರು

ಎಲ್ಲರೂ 2011ರಲ್ಲೇ ಇದ್ದೀರಿ. ನನ್ನ ವಯಸ್ಸಿನವರಿಗೆ ಅದು ಶಾಲೆಯ ಕಾಲ. ನೇಪಾಳಕ್ಕೆ ಬರುತ್ತೇನೆ.

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ನೇಪಾಳದ ಹುಡುಗನೊಬ್ಬನಿದ್ದಾನೆ. 2025ರ ಸೆಪ್ಟೆಂಬರ್ 8ರಂದು ಅವನು ಫೋನ್ ಕೆಳಗಿಡಲಿಲ್ಲ. ಅವತ್ತು ಒಂದೇ ದಿನ 19 ಜನ ಸತ್ತರು. ಸರ್ಕಾರ 26 ಆ್ಯಪ್‌ಗಳನ್ನು ನಿಲ್ಲಿಸಿದ್ದೇ ಕಾರಣ ಅಂತ ನಮ್ಮ ಆಫೀಸಿನಲ್ಲಿ ಮಾತು. ಅವನಿಗೆ ಕೋಪ ಬಂತು. ಫೇಸ್‌ಬುಕ್‌ಗಾಗಿ ಯಾರೂ ಸಾಯಲ್ಲ ಅಂದ. ಅವನ ಊರಿನಿಂದ ದಿನಾ ಹುಡುಗರು ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ದುಡಿಯಲು ಹೋಗುತ್ತಾರೆ. ಮಂತ್ರಿಗಳ ಮಕ್ಕಳು ವಿದೇಶದಲ್ಲಿ ಮೋಜು ಮಾಡುವ ಫೋಟೊ ಹಾಕುತ್ತಾರೆ. ಆ ಮಕ್ಕಳನ್ನು ತೋರಿಸುವ 'ನೆಪೊ ಕಿಡ್ಸ್' ಹ್ಯಾಶ್‌ಟ್ಯಾಗ್ ವಾರಗಟ್ಟಲೆ ಓಡುತ್ತಿತ್ತು.

ಇನ್ನು ಬಾವುಟ. ಜಪಾನಿನ ಒಂದು ಕಾಮಿಕ್ಸ್‌ನ ಕಡಲುಗಳ್ಳರ ಬಾವುಟ, ಹುಲ್ಲಿನ ಟೋಪಿ ಹಾಕಿದ ತಲೆಬುರುಡೆ. ಅದನ್ನು ಆಗಸ್ಟ್‌ನಲ್ಲಿ ಇಂಡೋನೇಷ್ಯಾದವರು ಹಾರಿಸಿದರು, ಸೆಪ್ಟೆಂಬರ್‌ನಲ್ಲಿ ಕಾಠ್ಮಂಡುವಿನಲ್ಲಿ ಸರ್ಕಾರದ ಮುಖ್ಯ ಕಚೇರಿಗಳಿರುವ ಸಿಂಹದರ್ಬಾರಿನ ಗೇಟಿನ ಮೇಲೆ ಕಂಡಿತು, ಆಮೇಲೆ ಮಡಗಾಸ್ಕರ್‌ನಲ್ಲಿ. ಇಂಡೋನೇಷ್ಯಾದಲ್ಲಿ ಪೊಲೀಸ್ ವಾಹನದ ಕೆಳಗೆ ಬೈಕ್ ಟ್ಯಾಕ್ಸಿ ಓಡಿಸುವ ಹುಡುಗ ಸತ್ತಾಗ ಮಲೇಷ್ಯಾ, ಥಾಯ್ಲೆಂಡ್ ಮುಂತಾದ ದೇಶದವರು ಆ್ಯಪ್‌ನಲ್ಲಿ ಊಟ ಆರ್ಡರ್ ಮಾಡಿ, 'ಇದು ನಿಮಗೇ, ನೀವೇ ತಿನ್ನಿ' ಅಂತ ಅಲ್ಲಿನ ಡೆಲಿವರಿ ಹುಡುಗರಿಗೆ ಕಳಿಸಿದರು.

ಭಾಷೆ ಬೇರೆ, ಧರ್ಮ ಬೇರೆ, ಗಡಿಯೂ ತಾಗುವುದಿಲ್ಲ. ಆದರೂ ದಾಟಿತು. ಹೊನ್ನೆಮರ ಅವರ ಅರಬ್ ಉದಾಹರಣೆಯಲ್ಲಿ ಒಂದೇ ಭಾಷೆ ಇತ್ತು. ಈಗ ಅದೂ ಬೇಕಾಗಿಲ್ಲ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕಾಳಿನದಿ

ತುಂತುರು, ಬಾವುಟ ದಾಟಿತು ಸರಿ. ಮಡಗಾಸ್ಕರ್‌ನಲ್ಲಿ ನೀರು, ಕರೆಂಟು ಕೊಡಿ ಅಂತ ಹುಡುಗರು ಬೀದಿಗಿಳಿದರು. ಮೂರು ವಾರಕ್ಕೆ ಅಧ್ಯಕ್ಷ ಓಡಿದ, ಕುರ್ಚಿಯಲ್ಲಿ ಕೂತಿದ್ದು ಸೇನೆಯ ಕರ್ನಲ್. ಬಯಲುಸೀಮೆ ಅವರ ಮಾತು ಇಲ್ಲೂ ನಿಲ್ಲುತ್ತದೆ.

ಹೊನ್ನೆಮರ

ಇಷ್ಟು ಜನ ಇಷ್ಟು ಗಂಭೀರವಾಗಿ ಬರೆದದ್ದಕ್ಕೆ ಧನ್ಯವಾದ. ಸೇನೆಯ ವಿಷಯದಲ್ಲಿ ಬಯಲುಸೀಮೆ ಅವರು ಹೇಳಿದ್ದನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ಅವರ ಮಾತಿಗೇ ಉತ್ತರ ಎಂಬಂತೆ ಒಂದು ದೇಶ ಇದೆ, ಸುಡಾನ್. ಅದರ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಬರೆದಿಲ್ಲ.

2018ರ ಡಿಸೆಂಬರ್‌ನಲ್ಲಿ ರೊಟ್ಟಿಯ ಬೆಲೆ ಏರಿದ್ದಕ್ಕೆ ಅತ್ಬರಾ ಎಂಬ ರೈಲ್ವೆ ಊರಿನಲ್ಲಿ ಗಲಾಟೆ ಶುರುವಾಯಿತು. 2019ರ ಏಪ್ರಿಲ್ 6ರಂದು ಜನ ರಾಜಧಾನಿ ಖಾರ್ಟೂಮ್‌ನಲ್ಲಿ ಸೇನೆಯ ಮುಖ್ಯ ಕಚೇರಿಯ ಮುಂದೆಯೇ ಕೂತರು. ಏಪ್ರಿಲ್ 11ಕ್ಕೆ, 30 ವರ್ಷ ಆಳಿದ್ದ ಬಶೀರ್‌ನನ್ನು ಸೇನೆ ಇಳಿಸಿತು. ಕೈರೊದಲ್ಲಿ ಜನ ಇದೇ ಘಟ್ಟದಲ್ಲಿ ಪಟಾಕಿ ಹೊಡೆದು, ಚೌಕ ಗುಡಿಸಿ, ಮನೆಗೆ ಹೋಗಿದ್ದರು. ಖಾರ್ಟೂಮ್‌ನವರು ಹೋಗಲಿಲ್ಲ. 'ಒಂದೋ ಗೆಲುವು, ಇಲ್ಲವೇ ಈಜಿಪ್ಟ್' ಅನ್ನುವುದು ಅವರ ಘೋಷಣೆಯಾಗಿತ್ತು. ಈಜಿಪ್ಟಿನಲ್ಲಿ ಮುಂದೆ ಏನಾಯಿತು ಅಂತ ಅವರು ನೋಡಿದ್ದರು. 2012ರಲ್ಲಿ ಚುನಾವಣೆ, 2013ರ ಜುಲೈನಲ್ಲಿ ಸೇನೆ ವಾಪಸ್, ಆಗಸ್ಟ್ 14ಕ್ಕೆ ಕೈರೊದ ರಬಾ ಚೌಕದಲ್ಲಿ ಒಂದೇ ದಿನ ಎಂಟು ನೂರಕ್ಕೂ ಹೆಚ್ಚು ಹೆಣ. ಆ ದಾರಿ ಬೇಡ ಅಂತ ಕೂತಲ್ಲೇ ಕೂತರು. ಬಶೀರ್ ಜಾಗಕ್ಕೆ ಬಂದ ಜನರಲ್ ಮಾರನೇ ದಿನವೇ ಇಳಿಯಬೇಕಾಯಿತು.

ಅದೇ ವಾರಗಳಲ್ಲಿ ಅಲ್ಜೀರಿಯಾ ಕೂಡ ಎದ್ದಿತ್ತು. ಏಪ್ರಿಲ್ 2ಕ್ಕೆ ಬೂತೆಫ್ಲಿಕಾ ರಾಜೀನಾಮೆ ಕೊಟ್ಟ. ಅಲ್ಲೂ ಜನ ಶುಕ್ರವಾರದ ಮೆರವಣಿಗೆ ನಿಲ್ಲಿಸಲಿಲ್ಲ. 2011ರಲ್ಲಿ ಕದಲದ ದೇಶ ಎಂಟು ವರ್ಷ ತಡವಾಗಿ, ಉಳಿದವರ ಸೋಲನ್ನೆಲ್ಲ ನೋಡಿಕೊಂಡು, ಹೆಚ್ಚುಕಡಿಮೆ ಶಾಂತವಾಗಿಯೇ ಬೀದಿಗೆ ಬಂತು.

ಬೇರೆ ದೇಶದ ದಂಗೆ ಧೈರ್ಯವನ್ನು ಮಾತ್ರ ಕಳಿಸುವುದಿಲ್ಲ, ಎಚ್ಚರಿಕೆಯನ್ನೂ ಕಳಿಸುತ್ತದೆ. ಇದು ನನಗೆ ಅತಿ ಮುಖ್ಯ ಅನ್ನಿಸುತ್ತದೆ. ಗುಬ್ಬಿಗೂಡು ಹೇಳಿದ ದರಾದ ಮಕ್ಕಳಿಗೆ ನೋಡಲು ಬರೀ ಎರಡು ತಿಂಗಳ ಗೆಲುವು ಸಿಕ್ಕಿತ್ತು. ಸುಡಾನಿನವರಿಗೆ ಎಂಟು ವರ್ಷದ ಪಾಠ ಸಿಕ್ಕಿತ್ತು.

ಬಯಲುಸೀಮೆ

ಸುಡಾನಿನ ಕಥೆ ಪೂರ್ತಿ ಹೇಳಲೇಬೇಕು ಹೊನ್ನೆಮರ ಅವರೇ, ಅರ್ಧಕ್ಕೆ ಬಿಡಬಾರದು. 2019ರ ಜೂನ್ 3ರ ಬೆಳಗ್ಗೆ ಅದೇ ಜಾಗಕ್ಕೆ ಪಡೆಗಳು ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಕೊಂದವು. ಇಂಟರ್ನೆಟ್ ಕಡಿದುಹಾಕಿದರು. ಆಗಸ್ಟ್‌ನಲ್ಲಿ ಅಧಿಕಾರ ಹಂಚಿಕೊಳ್ಳುವ ಒಪ್ಪಂದ ಆಯಿತು. 2021ರ ಅಕ್ಟೋಬರ್ 25ಕ್ಕೆ ಸೇನೆ ಅದನ್ನೂ ಮುರಿಯಿತು. 2023ರ ಏಪ್ರಿಲ್‌ನಿಂದ ಎರಡು ಪಡೆಗಳು ತಮ್ಮತಮ್ಮಲ್ಲೇ ಕಾದಾಡಿ ದೇಶವನ್ನೇ ಹಾಳು ಮಾಡಿದವು. ಎಚ್ಚರಿಕೆ ತಲುಪಿತ್ತು, ಜನ ಅದರಂತೆ ನಡೆದರು, ಆದರೂ ಬಂದೂಕು ಗೆದ್ದಿತು.

ಆದರೆ ನೀವು ಹೇಳಿದ್ದಕ್ಕಿಂತ ದೊಡ್ಡದು ಅಲ್ಲಿ ಇನ್ನೊಂದಿದೆ. ಚಳವಳಿಯ ಕಾಲದಲ್ಲಿ ಬೀದಿ ಬೀದಿಗೆ, ಕೇರಿ ಕೇರಿಗೆ ಪ್ರತಿರೋಧ ಸಮಿತಿಗಳು ಅಂತ ಇದ್ದವು. ಯಾವ ಮನೆಯಲ್ಲಿ ಯಾರು ಇದ್ದಾರೆ, ಯಾರಿಗೆ ಔಷಧಿ ಬೇಕು ಅಂತ ಗೊತ್ತಿದ್ದ ನೆರೆಹೊರೆಯ ಹುಡುಗ ಹುಡುಗಿಯರು. ಯುದ್ಧ ಶುರುವಾಗಿ ದೊಡ್ಡ ದೊಡ್ಡ ಸಂಸ್ಥೆಗಳು ಖಾರ್ಟೂಮ್ ಬಿಟ್ಟು ಹೋದಾಗ ಇದೇ ಜನ ತುರ್ತು ನೆರವಿನ ತಂಡ ಕಟ್ಟಿಕೊಂಡರು. ಕೇರಿಯಲ್ಲಿ ಒಲೆ ಹೂಡಿ ಸಾವಿರಾರು ಜನಕ್ಕೆ ಅಡುಗೆ ಮಾಡಿ ಹಾಕಿದರು, ಗಾಯ ಆದವರನ್ನು ಹೊತ್ತೊಯ್ದರು. ಇದನ್ನು ಅವರು ಕೈರೊದಿಂದಲೂ ಕಲಿಯಲಿಲ್ಲ, ಬೆಲ್‌ಗ್ರೇಡ್‌ನಿಂದಲೂ ಕಲಿಯಲಿಲ್ಲ. ಮುಂದೆ ಯಾರಾದರೂ ಯಾರಿಂದಲಾದರೂ ಕಲಿಯುವುದಿದ್ದರೆ ಇವರಿಂದ ಕಲಿಯಲಿ ಅನ್ನುವುದು ನನ್ನ ಆಸೆ.

ಸಂಪಿಗೆ

ಬಯಲುಸೀಮೆ ಅವರೇ, ಆ ಅಡುಗೆಮನೆಗಳ ಬಗ್ಗೆಯೇ ಒಂದು ಬೇರೆ ಚರ್ಚೆ ತೆರೆಯಿರಿ. ದುಡ್ಡು ಎಲ್ಲಿಂದ ಬರುತ್ತದೆ, ಎರಡೂ ಪಡೆಗಳ ನಡುವೆ ಹೇಗೆ ನಿಭಾಯಿಸುತ್ತಾರೆ ಅಂತ. ನಾನು ಓದಿದ್ದನ್ನು ಅಲ್ಲಿ ಹಾಕುತ್ತೇನೆ. ಕಡಲತೀರ ಅವರೂ ಬನ್ನಿ, ಕೊಲ್ಲಿಯಲ್ಲಿ ಸುಡಾನಿನವರು ಜಾಸ್ತಿ ಇದ್ದಾರೆ, ನಿಮ್ಮ ಮಾವನವರಿಗೆ ಪರಿಚಯದವರು ಇದ್ದರೆ ಅವರ ಮಾತೂ ಸೇರಲಿ.